ಇನ್ನೊಬ್ಬರ ರಾಶಿಯ ಕೊಸರು

ಆ ಬೆಳಿಗ್ಗೆ ವರದಾ ನದಿಯ ಕಡೆಯಿಂದ ಎದ್ದ ಮಂಜಿನ ಕಾವಳ ಊರನ್ನೆಲ್ಲ ನುಂಗಿಕೊಂಡಿತ್ತು. ಹೊತ್ತು ಏರಿದರೂ ಹೆದ್ದಾರಿಯ ದೀಪಗಳು ಆರಿರಲಿಲ್ಲ. ಚಾಲಕರಿಲ್ಲದ ಲಾರಿಗಳು ಕಣ್ಣು ಕಟ್ಟಿದ ಎತ್ತುಗಳ ಹಾಗೆ ಒಂದರ ಬಾಲ ಒಂದು ಹಿಡಿದು ತಡವರಿಸುತ್ತಿದ್ದವು. ನಡೆಸುವವರು ಯಾರೇ ಇರಲಿ, ಕಾಯುವವನು ಶಿವ ಎಂದು ಮನಸ್ಸಿನಲ್ಲೇ ಕೈಮುಗಿದು ನೀಲಾಂಬಿಕೆ ರಸ್ತೆ ದಾಟಿದಳು.

ಅವಳು ಕೆಲಸ ಮಾಡುತ್ತಿದ್ದದ್ದು ನ್ಯಾಯಮಂಡಳಿಯ ಹಿಂದಿನ ನೋವು ಹಂಚಿಕೆ ಕೇಂದ್ರದಲ್ಲಿ. ಹಿಂದೆಲ್ಲ ರಸ್ತೆಯಲ್ಲಿ ಒಬ್ಬರ ತಪ್ಪಿಗೆ ಇನ್ನೊಬ್ಬರ ಕಾಲು ಮುರಿದರೆ ನ್ಯಾಯಮಂಡಳಿ ಪರಿಹಾರದ ಹಣ ಕೊಡಿಸಿ ಸುಮ್ಮನಾಗುತ್ತಿತ್ತು. ಕೊಟ್ಟವನು ಮರುದಿನ ಮರೆಯುತ್ತಿದ್ದ. ಪಡೆದವನಿಗೆ ಮಗ್ಗುಲು ಬದಲಿಸಿದಾಗಲೆಲ್ಲ ನೆನಪಾಗುತ್ತಿತ್ತು. ಆಮೇಲೆ ವಿಜ್ಞಾನಿಗಳು ಒಂದು ಸಂಗತಿ ಕಂಡುಹಿಡಿದರು. ನೋವನ್ನು ಔಷಧದಿಂದ ಅಡಗಿಸಿದರೆ ಅದು ಕೆಲವೇ ದಿನಗಳಲ್ಲಿ ಇಮ್ಮಡಿಯಾಗಿ ತಿರುಗಿ ಬರುತ್ತದೆ. ಆದರೆ ಅದೇ ನೋವಿನ ಸುದ್ದಿಯನ್ನು ನರಗಳಿಂದ ಓದಿ ಇನ್ನೊಂದು ಬದುಕಿರುವ ದೇಹಕ್ಕೆ ತಲುಪಿಸಿದರೆ, ಆ ದೇಹ ಅದನ್ನು ಅನುಭವಿಸಿದರೆ, ಮೊದಲ ದೇಹ ಅಷ್ಟರಮಟ್ಟಿಗೆ ಶಾಂತವಾಗುತ್ತದೆ. ಅಳುವ ಕೂಸಿಗೆ ಕೇಳುವ ಕಿವಿಯೊಂದು ಬೇಕಾದ ಹಾಗೆ ನೋವಿಗೂ ಕೇಳುವ ದೇಹವೊಂದು ಬೇಕು. ಯಂತ್ರ ಕೇಳಿದರೆ ಅದು ಸಮಾಧಾನವಾಗುವುದಿಲ್ಲ.

ಇಷ್ಟು ತಿಳಿದ ಮೇಲೆ ಕಾಯ್ದೆ ಬರಲು ತಡವಾಗಲಿಲ್ಲ. ನೋಯಿಸಿದವರೇ ನೋವಿನ ಅರ್ಧ ಹೊರಬೇಕು. ಪೆಟ್ಟು ತಿಂದವರ ಕುತ್ತಿಗೆಯ ಹಿಂದೆ ಒಂದು ಪಟ್ಟಿ, ತಪ್ಪು ಮಾಡಿದವರ ಕುತ್ತಿಗೆಯ ಹಿಂದೆ ಇನ್ನೊಂದು. ನಡುವಿನ ಕೋಣೆಯಲ್ಲಿ ನೀಲಾಂಬಿಕೆ, ಅವಳ ಮುಂದೆ ಸುತ್ತ ಗೆರೆಗಳಿದ್ದ ಒಂದು ತಿರುಗುಗುಂಡಿ. ಎಡಕ್ಕೆ ಗಾಜಿನ ಗೋಡೆ, ಅದರಾಚೆ ಗಾಯಾಳು ಕಾಣುತ್ತಿದ್ದ. ಬಲಕ್ಕೆ ಇಟ್ಟಿಗೆಯ ಗೋಡೆ. ಹೊರುವವರ ಮುಖ ಕಂಡರೆ ಗುಂಡಿ ತಿರುಗಿಸುವ ಕೈಗೆ ಕನಿಕರ ಬಂದೀತು, ಇಲ್ಲವೇ ಲಂಚ ಬಂದೀತು ಎಂದು ಹಾಗೆ ಕಟ್ಟಿಸಿದ್ದರು.

ಆ ದಿನ ಎಡಗಡೆಯ ಕುರ್ಚಿಯಲ್ಲಿದ್ದವನು ಗಾದಿ ಹೊಲಿಯುವ ದಾವಲಸಾಬ ನದಾಫ. ಸಂತೆಯಿಂದ ಹತ್ತಿ ತರುತ್ತಿದ್ದಾಗ ಬಸ್ಸೊಂದು ಬ್ರೇಕು ಹಿಡಿಯದೆ ಅವನನ್ನು ಗೋಡೆಗೆ ಒತ್ತಿ ಎಡ ಸೊಂಟ ಮುರಿದಿತ್ತು. ಬ್ರೇಕಿನ ಪೈಪು ಬಿಸಿಲಿಗೆ ಬಿರಿಯುತ್ತದೆಂಬುದು ಅದನ್ನು ಮಾರಿದ ಕಂಪನಿಗೆ ಮೊದಲೇ ಗೊತ್ತಿತ್ತು. ಎಚ್ಚರಿಕೆ ಕೊಟ್ಟಿದ್ದೇವೆ ಎಂದು ಕಂಪನಿಯವರು ನ್ಯಾಯಮಂಡಳಿಯಲ್ಲಿ ವಾದಿಸಿದರು. ಕೊಟ್ಟದ್ದು ನಿಜ. ಬಸ್ಸಿನ ಹೊಟ್ಟೆಯ ಕೆಳಗೆ, ಎಣ್ಣೆ ಜಿಡ್ಡು ಹಿಡಿಯುವ ಜಾಗದಲ್ಲಿ, ಬೆರಳ ಉಗುರಿನಷ್ಟು ಚೀಟಿಯಲ್ಲಿ ಬರೆದು ಅಂಟಿಸಿದ್ದರು. ನ್ಯಾಯಮಂಡಳಿ ನಗಲಿಲ್ಲ. ಎರಡು ವರ್ಷ ಕಂಪನಿಯೇ ಅರ್ಧ ನೋವು ಹೊರಬೇಕೆಂದು ತೀರ್ಪಾಯಿತು.

“ಅಕ್ಕಾರ, ಈ ಕಾವಳದಾಗ ನೀವು ಬರ್ತೀರೋ ಇಲ್ಲೋ ಅಂತ ನನ್ನ ಟೊಂಕ ಕೇಳಾಕ್ಹತ್ತಿತ್ರಿ,” ಎಂದ ದಾವಲಸಾಬ.

“ಅದಕ್ಕ ಏನ್ ಹೇಳಿದ್ರಿ?”

“ಆ ಅಕ್ಕಾರಿಗೂ ಅದೇ ಕಂಪನಿ ಬ್ರೇಕ ಹಾಕ್ಯಾರ, ಅವರು ನಿಲ್ಲಂಗಿಲ್ಲ, ಬಂದ ಬರ್ತಾರ ಅಂದೆ.”

ನೀಲಾಂಬಿಕೆ ನಕ್ಕು ಪಟ್ಟಿ ಕಟ್ಟಿದಳು. ನಡುವಿನ ಕೋಣೆಗೆ ಬಂದು ಕೂತು ಗುಂಡಿಯನ್ನು ಅರ್ಧ ತೋರಿಸುವ ತೀರ್ಪಿನ ಗೆರೆಯವರೆಗೆ ತಿರುಗಿಸಿದಳು. ಗಾಜಿನಾಚೆ ಅವನ ಬಿಗಿದ ದವಡೆ ಸಡಿಲಾಯಿತು. ಆಮೇಲೆ ಅವಳು ದಿನವೂ ಮಾಡುವುದನ್ನೇ ಮಾಡಿದಳು. ಗೆರೆ ದಾಟಿಸಿ ಗುಂಡಿಯನ್ನು ಇನ್ನೊಂದಿಷ್ಟು ಸರಿಸಿದಳು. ಯಂತ್ರದ ಹೆಚ್ಚುಕಡಿಮೆಗೆಂದು ಅಷ್ಟು ಸಡಿಲ ಬಿಟ್ಟಿದ್ದರು, ಯಾರೂ ಕೇಳುತ್ತಿರಲಿಲ್ಲ.

ಅದು ಅವಳ ಕೊಸರು. ಅವಳ ತಂದೆ ಬಸಲಿಂಗಯ್ಯ ಕಾಳು ಪೇಟೆಯಲ್ಲಿ ಅಳೆಯುವ ಕೆಲಸ ಮಾಡಿದವನು. ಸೇರು ತುಂಬಿ ಸುರಿದಾದ ಮೇಲೆ ಬೊಗಸೆಯಲ್ಲಿ ಇನ್ನೊಂದಿಷ್ಟು ಕಾಳು ತೆಗೆದು ಕೊಳ್ಳುವವರ ಚೀಲಕ್ಕೆ ಹಾಕುತ್ತಿದ್ದ. ಕೊಸರಿಲ್ಲದ ಅಳತೆ ಬರೀ ಲೆಕ್ಕ, ಅದು ಕೊಡುವುದಲ್ಲ ಎನ್ನುತ್ತಿದ್ದ. ಅಳತೆಯ ಮನೆಯಲ್ಲಿ ಹುಟ್ಟಿದ ಮಗಳಿಗೆ ಬರೀ ಅರ್ಧ ಕೊಟ್ಟು ಕೈ ಹಿಂತೆಗೆಯಲು ಆಗುತ್ತಿರಲಿಲ್ಲ. ಬಲಗಡೆಯ ಗೋಡೆಯಾಚೆ ಇಸ್ತ್ರಿ ಅಂಗಿಯ ಯಾರೋ ದೊಡ್ಡ ಸಾಹೇಬ ಕೂತು ಹಲ್ಲು ಕಚ್ಚುತ್ತಿದ್ದಾನೆ ಎಂದುಕೊಳ್ಳುತ್ತಿದ್ದಳು. ಅನುಭವಿಸಲಿ ಒಂಚೂರು. ಅವಳ ಕರುಣೆಯಲ್ಲಿ ಒಂದು ಹನಿ ವಿಷವೂ ಬೆರೆತಿತ್ತು ಎಂಬುದು ಅವಳಿಗೆ ಆ ದಿನದ ತನಕ ತಿಳಿದಿರಲಿಲ್ಲ.

“ನಿಮ್ಮ ಕೈಯಾಗ ಬರಕತ್ ಐತ್ರೀ,” ಎಂದು ದಾವಲಸಾಬ ಕಣ್ಣು ಮುಚ್ಚಿಕೊಂಡೇ ಹೇಳಿದ. “ಬ್ಯಾರೇದವರು ಕುಂತ ದಿನ ಮಧ್ಯಾಹ್ನಕ್ಕ ನೋವು ವಾಪಸ್ ಬರ್ತೈತಿ. ನೀವು ಕುಂತ ದಿನ ಸಂಜೀತನಕ ಸೂಜಿ ಹಿಡೀತೀನಿ.”

ಅಷ್ಟರಲ್ಲಿ ಬಲಗಡೆಯ ಕೆಂಪು ದೀಪ ಮಿಣುಕಿತು. ಥಂಡಿಗೆ ತೇವ ಹಿಡಿದು ಆ ಕಡೆಯ ಪಟ್ಟಿ ಸರಿಯಾಗಿ ಅಂಟುತ್ತಿರಲಿಲ್ಲ. ಆ ಕೋಣೆ ನೋಡಿಕೊಳ್ಳುವವನ ಬಸ್ಸು ಕಾವಳದಲ್ಲಿ ಎಲ್ಲೋ ಸಿಕ್ಕಿಬಿದ್ದಿತ್ತು. ನಿಯಮದ ಪ್ರಕಾರ ಅವಳು ಅಲ್ಲಿಗೆ ಹೋಗಬಾರದು. ಹೋಗದಿದ್ದರೆ ದಾವಲಸಾಬನ ದಿನ ಹಾಳು. ತೇವ ಒರೆಸುವ ಬಟ್ಟೆ ಹಿಡಿದು ನೀಲಾಂಬಿಕೆ ಸುತ್ತುಹಾಕಿ ಆ ಬಾಗಿಲು ತೆರೆದಳು.

ಕುರ್ಚಿಯಲ್ಲಿ ಸಾಹೇಬನಿರಲಿಲ್ಲ. ಸೀರೆಯ ಸೆರಗನ್ನು ಉಂಡೆ ಮಾಡಿ ಬಾಯಲ್ಲಿ ತುರುಕಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಐವತ್ತರ ಆಸುಪಾಸು. ಬೆರಳ ತುದಿಗಳು ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದ್ದವು. ಬಾಗಿಲ ಸದ್ದಿಗೆ ಸೆರಗು ಹೊರಗೆ ತೆಗೆದು ಗಡಿಬಿಡಿಯಿಂದ ಹೊದ್ದುಕೊಂಡಳು.

“ನೀವ್ಯಾರು?” ಎಂದಳು ನೀಲಾಂಬಿಕೆ. ಕೇಳಿದ್ದು ತನ್ನ ದನಿಯೇ ಎಂದು ಅವಳಿಗೆ ಅನ್ನಿಸಲಿಲ್ಲ.

“ನಾ ಕಂಪನಿ, ಯವ್ವಾ,” ಎಂದು ಹೆಂಗಸು ನಗಲು ನೋಡಿದಳು. “ಹಂಗಂತ ಸಹಿ ಮಾಡಿಸ್ಕೊಂಡಾರ. ಇಲ್ಲಿ ಕುಂತಿರೋತನಕ ನಾನ ಕಂಪನಿ ಅಂತ. ಮನಿಯಾಗ ಫಕೀರವ್ವ.”

ಕಂಪನಿಗೆ ದೇಹವಿಲ್ಲ. ವಕೀಲರು ಈ ಮಾತು ಹೇಳಿದಾಗ ನ್ಯಾಯಮಂಡಳಿ ಬಹಳ ಯೋಚಿಸಿ, ಪ್ರತಿನಿಧಿಯೊಬ್ಬರನ್ನು ಕಳಿಸಿ ಎಂದಿತ್ತು. ನಿರ್ದೇಶಕರಲ್ಲಿ ಒಬ್ಬರು ಬಂದಾರೆಂದು ಕಾಯ್ದೆ ಬರೆದವರು ನಂಬಿದ್ದರು. ಕಂಪನಿ ಬ್ಯಾಡಗಿಯ ಗೋದಾಮುಗಳ ಹತ್ತಿರ ಹೋಗಿ, ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸವನ್ನು ಯಂತ್ರಕ್ಕೆ ಬಿಟ್ಟುಕೊಟ್ಟು ಕೂತಿದ್ದ ಹೆಂಗಸರಲ್ಲಿ ಒಬ್ಬಳನ್ನು ಹುಡುಕಿಕೊಂಡಿತ್ತು.

“ಬಾಳ ಉರೀತೈತೇನು?” ಎಂದು ಕೇಳಿದಳು ನೀಲಾಂಬಿಕೆ.

“ಖಾರದಾಗ ಬೆಳೆದ ಕೈ ನಂದು, ಉರಿಗೇನು ಅಂಜಂಗಿಲ್ಲ. ಮೊದಮೊದಲು ಪಟ್ಟಿ ಬಿಚ್ಚಿದ ಕೂಡ್ಲೇ ನೋವು ಇಲ್ಲೇ ಉಳೀತಿತ್ತು. ಈಗೀಗ ನನ್ನ ಜೋಡಿ ಮನೀಗೂ ಬರಾಕ್ಹತ್ತೈತಿ.” ಫಕೀರವ್ವ ಎಡ ಸೊಂಟದ ಮೇಲೆ ಕೈಯಿಟ್ಟಳು. ಅಲ್ಲಿ ಯಾವ ಗಾಯವೂ ಇರಲಿಲ್ಲ. “ಮಗಳಿಗೆ ದಿನ ತುಂಬ್ಯಾವ. ಚೊಚ್ಚಲ. ನಾನ ಬಾಣಂತನ ಮಾಡಬೇಕು. ಕೂಸಿಗೆ ನೀರು ಎರೀಬೇಕಂದ್ರ ಕಾಲು ಚಾಚಿ ಕುಂದ್ರಬೇಕಲ್ಲಾ? ಚಾಚಾಕ ಬರವಲ್ದು. ಚಾಚಿದ್ರ ಜೀವ ಹೋದಂಗಾಗಿ ಕಾಲು ಅದುರ್ತಾವ. ಅದುರೋ ಕಾಲ ಮ್ಯಾಲ ಹಸಿಗೂಸು ಹೆಂಗ ಹಾಕ್ಕೊಳ್ಳಿ?”

ನೀಲಾಂಬಿಕೆ ಪಟ್ಟಿಯ ತೇವ ಒರೆಸಿದಳು. ಅದನ್ನು ಮತ್ತೆ ಅಂಟಿಸಿದಳು. ತರಬೇತಿಯಲ್ಲಿ ಕಲಿಸಿದ್ದು ನೆನಪಿತ್ತು: ತೀರ್ಪಿನ ಗೆರೆಯವರೆಗೆ ನೋವು ಹರಿದು ಹೋಗುವ ನೀರು, ಗೆರೆ ದಾಟಿದ್ದು ನಿಧಾನವಾಗಿ ಹೊಸ ದೇಹದಲ್ಲಿ ಊರಿ ನಿಲ್ಲುತ್ತದೆ. ಸ್ವಲ್ಪಕ್ಕೆ ಏನಾಗುತ್ತದೆ ಎಂದುಕೊಂಡಿದ್ದಳು. ಸ್ವಲ್ಪವೇ ದಿನವೂ ಬಿದ್ದು ರಾಶಿಯಾಗಿತ್ತು.

ಹಿಂತಿರುಗಿ ಬಂದು ಗುಂಡಿಯನ್ನು ಗೆರೆಗೆ ತಂದು ನಿಲ್ಲಿಸಿದಳು. ಗಾಜಿನಾಚೆ ದಾವಲಸಾಬ ಒಮ್ಮೆ ಕಣ್ಣು ತೆರೆದು ನೋಡಿದ.

ಸಂಜೆ ಮನೆಯಲ್ಲಿ ಒಲೆಯ ಮುಂದೆ ಕೂತವಳು ರೊಟ್ಟಿ ಬಡಿಯುತ್ತಲೇ ಇದ್ದಳು, ಹೆಂಚಿನ ಮೇಲಿನದು ಕರಕಲಾಗಿತ್ತು. ಪಂಪ್‌ಸೆಟ್ ರಿಪೇರಿ ಮಾಡುವ ಗಂಡ ಚನವೀರ ಅದನ್ನು ಚಿಮಟದಲ್ಲಿ ಎತ್ತಿ ಬದಿಗಿಟ್ಟ.

“ನಮ್ಮ ದೇವ್ರಿಗೂ ಇಷ್ಟು ಹೊಗಿ ಹಾಕೂದಿಲ್ಲ ನೀನು. ಏನಾತು?”

ಅವಳು ಎಲ್ಲ ಹೇಳಿದಳು. ಗೆರೆ, ಕೊಸರು, ಸೆರಗಿನ ಉಂಡೆ. ಕಡೆಗೆ, “ನಾ ಕೆಟ್ಟದ್ದು ಮಾಡಬೇಕಂತ ಮಾಡಲಿಲ್ಲ. ಅಪ್ಪ ಹಂಗ ಕಲಿಸಿದ್ದ,” ಎಂದಳು.

ಚನವೀರ ಒಲೆಯ ಕೆಂಡ ಕೆದಕಿದ. ಅವನು ಮಾತನ್ನು ಆರಿಸಿ ಆಡುವವನು.

“ನಿಮ್ಮಪ್ಪ ಬೊಗಸಿ ತುಂಬಿ ಕೊಸರು ಹಾಕ್ತಿದ್ರಲ್ಲ, ರಾಶಿ ಯಾರದ್ದಿತ್ತು?”

“ರೈತಂದು. ಮಾರೋವ್ರದು.”

“ಅಂವ ಎಲ್ಲಿರ್ತಿದ್ದ?”

“ಅಲ್ಲೇ. ರಾಶಿ ಬಾಜೂಕ ನಿಂತಿರ್ತಿದ್ದ.”

“ಮತ್ತ?”

ಅವಳಿಗೆ ಪೇಟೆ ಕಣ್ಣಮುಂದೆ ಬಂತು. ಬೊಗಸೆಯಲ್ಲಿ ಕಾಳು ಹಿಡಿದ ಅಪ್ಪ ಒಮ್ಮೆ ತಲೆಯೆತ್ತಿ ರಾಶಿಯ ಒಡೆಯನ ಮುಖ ನೋಡುತ್ತಿದ್ದ. ಒಡೆಯ ಹೂಂ ಎಂದು ತಲೆಯಾಡಿಸಿದ ಮೇಲೆಯೇ ಬೊಗಸೆ ಬಿಚ್ಚುತ್ತಿದ್ದ. ಎಷ್ಟೋ ಸಲ ನೋಡಿದ್ದಳು. ಆದರೆ ಮಗುವಿನ ಕಣ್ಣಿಗೆ ಬೊಗಸೆಯಷ್ಟೇ ಕಂಡಿತ್ತು, ಆ ನೋಟ ಕಂಡಿರಲಿಲ್ಲ.

“ಗೋಡಿ ಹಿಂದ ಇದ್ದಾಕಿನ್ನ ನೀ ಕೇಳಲಿಲ್ಲ,” ಎಂದ ಚನವೀರ. ಬೈಯುವ ದನಿಯಿರಲಿಲ್ಲ. ಅದಕ್ಕೇ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಮರುದಿನ ಅವಳು ಕೇಂದ್ರದ ಅಧಿಕಾರಿ ಗಲಗಲಿ ಸಾಹೇಬರ ಕೋಣೆಗೆ ಹೋದಳು. ನಿವೃತ್ತಿ ಹತ್ತಿರ ಬಂದ, ಕೆಡುಕು ಬಯಸದ ಮನುಷ್ಯ. ಅವಳು ಅರ್ಧ ಹೇಳುವಷ್ಟರಲ್ಲಿ ಎದ್ದು ಬಾಗಿಲು ಮುಂದೆ ಮಾಡಿದರು.

“ತಂಗಿ, ನೀ ಹೇಳಿದ್ದು ನನ್ನ ಕಿವೀಗೆ ಬಿದ್ದಿಲ್ಲ.”

“ಬೀಳಲಿ ಅಂತನ ಹೇಳಾಕ್ಹತ್ತೀನ್ರಿ.”

“ಬಿದ್ರ ಏನಾಗ್ತೈತಿ ಕೇಳು. ನಾ ಕಂಪನಿ ವಕೀಲರಿಗೆ ತಿಳಿಸಬೇಕು. ಅವರು ಅದನ್ನ ಕಾಯ್ಕೊಂಡು ಕುಂತಾರ. ತೀರ್ಪು ಮೀರಿ ನೋವು ಹೊರಿಸ್ಯಾರ, ಹಂಚಿಕೇನ ರದ್ದು ಮಾಡ್ರಿ ಅಂತ ಅರ್ಜಿ ಹಾಕ್ತಾರ. ರದ್ದಾಕ್ಕೈತಿ. ದಾವಲಸಾಬ ಉಳಿದ ದಿನಾ ಎಲ್ಲಾ ನೋವು ಒಬ್ಬನ ಹೊರಬೇಕು. ನೀ ಮನೀಗೆ. ಕಂಪನಿ ಮಾತ್ರ ಬಿಡುಗಡೆ.”

“ಫಕೀರವ್ವನ ಸೊಂಟ?”

“ಆಕಿ ಕಾಗದದ ಪ್ರಕಾರ ಕಂಪನಿ ಅಲ್ಲೇನು? ಕಂಪನಿ ತನ್ನ ಮ್ಯಾಲ ತಾನ ದಾವೆ ಹೂಡಾಕ ಬರಂಗಿಲ್ಲ.” ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಒರೆಸಿ ಮತ್ತೆ ಹಾಕಿಕೊಳ್ಳಲಿಲ್ಲ. “ಊರಿದ ನೋವು ತಗಿಯೋ ದಾರಿ ಒಂದೇ ಐತಿ. ನಿನಗೂ ಗೊತ್ತೈತಿ. ಇನ್ನೊಂದು ದೇಹ ಬೇಕು. ಅಲ್ಲಿ ಹೋದದ್ದು ಅಲ್ಲೇ ಉಳೀತೈತಿ. ಯಾರಿಗೆ ಹೇಳ್ತಿ, ಬಾ ಅಂತ?”

ಆ ವಾರ ದಾವಲಸಾಬ ಬಂದಾಗಲೆಲ್ಲ ನೀಲಾಂಬಿಕೆ ಗೆರೆಗೆ ಸರಿಯಾಗಿ ಗುಂಡಿ ನಿಲ್ಲಿಸಿದಳು. ಎರಡನೆಯ ಸಲ ಹೋಗುವಾಗ ಅವನು ಊರುಗೋಲು ಊರಿ ಬಾಗಿಲಲ್ಲಿ ನಿಂತ.

“ಅಕ್ಕಾರ, ನನ್ನಿಂದ ಏನಾರ ತಪ್ಪಾತೇನ್ರಿ?”

“ಇಲ್ಲರೀ.”

“ಮತ್ಯಾಕ ಕೈ ಬಿಗಿ ಹಿಡಿದ್ರಿ? ನಿನ್ನೆ ಒಂದು ಗಾದಿ ಅರ್ಧಕ್ಕ ಬಿಟ್ಟೆ. ಮದುವಿ ಮನಿಯವ್ರು ಬೈದು ಹೋದ್ರು.” ಅವನ ದನಿ ಗಡುಸಾಯಿತು. “ಮೊದಲ ಕೊಡದ ಇದ್ದಿದ್ರ ಚೊಲೋ ಇತ್ತು. ರೂಢಿ ಹಚ್ಚಿ ಕಸಗೊಂಡ್ರಲ್ಲ, ಇದು ಯಾವ ನ್ಯಾಯ?”

ನಿಯಮ ಮೀರಿ ಅವಳು ಹೇಳಿಬಿಟ್ಟಳು. “ಆ ಕಡೆ ಕುಂತಾಕಿ ಒಬ್ಬ ಹೆಣ್ಮಗಳು, ದಾವಲಸಾಬ್ರ. ಕೂಲಿಯಾಕಿ. ನಾ ನಿಮಗ ಹೆಚ್ಚು ಕೊಟ್ಟದ್ದೆಲ್ಲ ಆಕಿ ಟೊಂಕದಾಗ ಕುಂತೈತಿ.”

ಅವನು ಇಟ್ಟಿಗೆಯ ಗೋಡೆಯನ್ನು ನೋಡಿದ.

“ಕಂಪನಿಯವರಲ್ಲೇನು?”

“ಅಲ್ಲ.”

“ಹಂಗಾದ್ರ ಕಂಪನಿಗೆ ಏನು ನೋವಾತ್ರೀ?”

ಅವನು ಕೋಲಿನ ಮೇಲೆ ಭಾರ ಹಾಕಿ ಹೊರಟ. ಅವನ ಬಾಯಿಂದ ಕ್ಷಮೆಯ ಮಾತು ಬರಲಿಲ್ಲ, ಬೈಗುಳವೂ ಬರಲಿಲ್ಲ. ಮೆಟ್ಟಿಲಿಳಿಯುವಾಗ ಒಮ್ಮೆ ನೋವಿಗೆ ಅಲ್ಲಾನನ್ನು ಕರೆದದ್ದು ಮಾತ್ರ ಕೇಳಿಸಿತು.

ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿತ್ತು. ಕೇಂದ್ರಕ್ಕೆ ರಜೆ. ನೀಲಾಂಬಿಕೆ ಬೆಳಿಗ್ಗೆ ಮಿಂದು, ಲಿಂಗಪೂಜೆ ಮುಗಿಸಿ, ಬೀಗದ ಕೈ ತೆಗೆದುಕೊಂಡು ಹೊರಟಳು. ಫಕೀರವ್ವನನ್ನು ಬರಹೇಳಿದ್ದಳು. ಅವಳು ಬಸ್ ನಿಲ್ದಾಣದಿಂದ ಗೋಡೆ ಹಿಡಿದು ನಡೆದುಬಂದಳು.

“ಹಬ್ಬದ ದಿನಾನೂ ಕಂಪನಿಗೆ ರಜಾ ಇಲ್ಲೇನು?” ಎಂದು ಏದುಸಿರು ಬಿಡುತ್ತ ಕೇಳಿದಳು.

ನೀಲಾಂಬಿಕೆ ಅವಳಿಗೆ ಕುರ್ಚಿ ಕೊಟ್ಟು ತಾನು ನಿಂತೇ ಹೇಳಿದಳು. ಸುತ್ತು ಬಳಸಲಿಲ್ಲ. ಗುಂಡಿ ತೋರಿಸಿದಳು, ಗೆರೆ ತೋರಿಸಿದಳು, ಗೆರೆಯಾಚೆ ತನ್ನ ಕೈ ಎಲ್ಲಿಯವರೆಗೆ ಹೋಗುತ್ತಿತ್ತು ಎಂಬುದನ್ನೂ ತೋರಿಸಿದಳು.

ಫಕೀರವ್ವನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಮುಖ ಕಪ್ಪಿಟ್ಟಿತು.

“ಅಂದ್ರ ಇದು ಕಂಪನಿ ಮಾಡಿದ್ದಲ್ಲ. ನೀ ಮಾಡಿದ್ದು.”

“ಹೌದು.”

“ನಿನಗ ಪುಣ್ಯ ಗಳಿಸಾಕ ನನ್ನ ಟೊಂಕಾನ ಬೇಕಾಗಿತ್ತೇನು? ನಿನ್ನ ಕಡೆ ಟೊಂಕ ಇರಲಿಲ್ಲಾ?” ಅವಳ ದನಿ ಖಾಲಿ ಕಟ್ಟಡದಲ್ಲಿ ಗುಂಯ್‌ಗುಟ್ಟಿತು. “ಕಂಪನಿಯವ್ರು ಕೇಳಿ ಹೊರಿಸಿದ್ರು. ಸಹಿ ಹಾಕಂದ್ರು, ಹೆಬ್ಬಟ್ಟು ಒತ್ತಿದೆ. ನೀ ಕೇಳೂದೂ ಇಲ್ಲದ ಹೊರಿಸಿದಿ. ನಾಳಿ ನನ್ನ ಮೊಮ್ಮಗು ಕಾಲಿಂದ ಜಾರಿ ಕಲ್ಲಿಗೆ ಬಿದ್ರ ಆ ಪುಣ್ಯಾನೂ ನಿನ್ನ ಲೆಕ್ಕಕ್ಕ ಬರಕೋ.”

ನೀಲಾಂಬಿಕೆ ತಲೆ ತಗ್ಗಿಸಿ ನಿಂತಳು. ಹೊರಗೆ ದೂರದ ಹೊಲಗಳಲ್ಲಿ ಬುತ್ತಿಯ ಅನ್ನವನ್ನು ಚರಗವೆಂದು ಚೆಲ್ಲುವವರ ಕೂಗು ಎದ್ದು, ಒಂದು ಹೊಲದಿಂದ ಇನ್ನೊಂದಕ್ಕೆ ದಾಟಿ, ಅಡಗಿತು. ಭೂಮಿತಾಯಿಗೆ ಅವಳ ಪಾಲು ಕೊಡುವ ದಿನ. ಬೈಗುಳ ಮುಗಿಯುವ ತನಕ ನೀಲಾಂಬಿಕೆ ಕಾದಳು. ನಿಜವಾದ ಮಾತಿಗೆ ಅಡ್ಡ ಬರಬಾರದು ಎಂದು ಅವಳಿಗೆ ತೋರಿತ್ತು.

“ನಿಮ್ಮ ಟೊಂಕದಾಗ ಕುಂತದ್ದನ್ನ ನಾ ತಗೋತೀನಿ,” ಎಂದಳು ಆಮೇಲೆ. “ಈ ಸಲ ಕೇಳಾಕ್ಹತ್ತೀನಿ. ನೀವು ಹೂಂ ಅಂದ್ರ ಮಾತ್ರ.”

“ತಗೊಂಡು?”

“ನನ್ನ ಕಡೆ ಇರ್ತೈತಿ.”

“ಎಷ್ಟು ದಿನಾ?”

ನೀಲಾಂಬಿಕೆ ತನ್ನ ಎಡ ಸೊಂಟದ ಮೇಲೆ ಕೈಯಿಟ್ಟಳು. ಫಕೀರವ್ವ ಅವಳ ಮುಖವನ್ನು ದಿಟ್ಟಿಸಿದಳು, ಆಮೇಲೆ ತನ್ನ ಕೆಂಪು ಬೆರಳುಗಳನ್ನು ನೋಡಿಕೊಂಡಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಅದರ ಕೆಳಗೆ ದಣಿವಿತ್ತು.

“ನಿನಗ ಮಕ್ಕಳದಾವೇನು?”

“ಇಲ್ರೀ.”

“ಮನಿಯಾಗ ಗಂಡ?”

“ಅದಾರ. ಹೇಳಿ ಬಂದೀನಿ. ಬ್ಯಾಡ ಅನ್ನಲಿಲ್ಲ. ರೊಟ್ಟಿ ತಾನ ಬಡೀತೀನಿ ಅಂದ್ರು.”

ಫಕೀರವ್ವನ ಗಂಟಲಲ್ಲಿ ನಗುವಿನಂಥದ್ದೊಂದು ಸದ್ದಾಯಿತು. “ಗಂಡಸರ ರೊಟ್ಟಿ. ಅದೂ ಒಂದು ಶಿಕ್ಷಾನ.” ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಹೂಂ,” ಎಂದಳು.

ನೀಲಾಂಬಿಕೆ ಎರಡೂ ಪಟ್ಟಿಗಳನ್ನು ನಡುವಿನ ಕೋಣೆಗೆ ತಂದಳು. ಗೋಡೆಯ ಆ ಕಡೆ ಒಬ್ಬರು ಈ ಕಡೆ ಒಬ್ಬರು ಕೂರುವುದು ಬೇಡವೆನಿಸಿತು. ನೋವು ಕೊಡುವ ಪಟ್ಟಿಯನ್ನು ಫಕೀರವ್ವನ ಕುತ್ತಿಗೆಗೆ ಕಟ್ಟಿದಳು. ಹೊರುವ ಪಟ್ಟಿಯನ್ನು ತನ್ನ ಕುತ್ತಿಗೆಗೆ ಕಟ್ಟಿಕೊಂಡಳು. ಗುಂಡಿಯ ಮೇಲೆ ಕೈಯಿಟ್ಟು ಶಿವನನ್ನು ನೆನೆದಳು. ಬೇಡಿಕೊಳ್ಳಲು ಮಾತ್ರ ಏನೂ ಹೊಳೆಯಲಿಲ್ಲ.

ಮೊದಲ ಗೆರೆಗೆ ಎಡ ಸೊಂಟದಲ್ಲಿ ಬಿಸಿ ಮರಳು ಸುರಿದ ಹಾಗಾಯಿತು. ಮುಂದಿನದಕ್ಕೆ ಆ ಮರಳು ಕೆಂಡವಾಯಿತು. ದಾವಲಸಾಬ ಗೋಡೆಗೆ ಒತ್ತಿಹೋದ ಗಳಿಗೆ, ಫಕೀರವ್ವ ಸೆರಗು ಕಚ್ಚಿ ಕೂತ ಬೆಳಗುಗಳು, ಎಲ್ಲವೂ ಒಂದೇ ಎಲುಬಿನಲ್ಲಿ ಬಂದು ಕೂತವು. ಅವಳ ಬಾಯಿಂದ ಸದ್ದು ಹೊರಡಲಿಲ್ಲ. ಗೋಡೆಯಾಚೆಯಿಂದ ಯಾವತ್ತೂ ಸದ್ದು ಯಾಕೆ ಕೇಳುತ್ತಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

“ಸಾಕು ಬಿಡು, ಯವ್ವಾ,” ಎಂದಳು ಫಕೀರವ್ವ. “ಅರ್ಧ ಹೋತು. ಉಳಿದದ್ದು ನಾ ಇಟ್ಕೋತೀನಿ.”

ನೀಲಾಂಬಿಕೆ ಅಲ್ಲವೆಂದು ತಲೆಯಾಡಿಸಿದಳು.

ಫಕೀರವ್ವ ಕುರ್ಚಿಯಿಂದ ಮೆಲ್ಲಗೆ ಜಾರಿ ನೆಲಕ್ಕೆ ಕೂತಳು. ಸೀರೆಯನ್ನು ಮೊಣಕಾಲಿನ ತನಕ ಎತ್ತಿ, ಮೊದಲು ಬಲಗಾಲು ಚಾಚಿದಳು. ಆಮೇಲೆ ಎಡಗಾಲನ್ನು ಎರಡೂ ಕೈಯಿಂದ ಹಿಡಿದು, ಅಂಜುತ್ತ ಅಂಜುತ್ತ ಸರಿಸಿ, ಅದರ ಪಕ್ಕಕ್ಕೆ ಜೋಡಿಸಿದಳು. ಇನ್ನೂ ಸಣ್ಣಗೆ ಅದುರುತ್ತಿತ್ತು. ಅವಳು ಅದನ್ನೇ ನೋಡುತ್ತ ಕೂತಳು.

ನೀಲಾಂಬಿಕೆ ಗುಂಡಿಯನ್ನು ಇನ್ನೊಂದು ಗೆರೆ ಸರಿಸಿದಳು.